ಎರಡು ಬಾರಿ ಬದಲಿಸಿದರೂ ಗೀಸರ್‌ನ 16 ಆಂಪಿಯರ್ ಪ್ಲಗ್ ಸುಡುತ್ತಿದೆ, ಕಾರಣವೇನು?

ಹಿತ್ತಲಮನೆ:
ನಮ್ಮ ಸ್ನಾನದ ಮನೆಯಲ್ಲಿ 15 ಲೀಟರಿನ, 2000 ವ್ಯಾಟ್‌ನ ಗೀಸರ್ ಇದೆ. ಮೂರು ಪಿನ್ನಿನ ಪವರ್ ಪ್ಲಗ್ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದಿದ್ದರಿಂದ ಆರು ತಿಂಗಳಲ್ಲಿ ಎರಡು ಬಾರಿ ಅದನ್ನು ಬದಲಿಸಿದ್ದೇನೆ. ಈಗ ಮೂರನೆಯದೂ ಅದೇ ಹಾದಿ ಹಿಡಿದಿದೆ. 16 ಆಂಪಿಯರಿನ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಒಮ್ಮೆಯೂ ಟ್ರಿಪ್ ಆಗಿಲ್ಲ. ಲೋಡ್ ಹೆಚ್ಚಾಗಿದೆ, ದಪ್ಪ ವೈರ್ ಎಳೆಸಿ ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಹಾಗೆ ಮಾಡಬೇಕೇ?

ತಾಮ್ರದೆಳೆ:
ಸದ್ಯಕ್ಕೆ ಗೀಸರ್ ಬಳಸಬೇಡಿ, ಸರ್. 230 ವೋಲ್ಟಿನಲ್ಲಿ 2000 ವ್ಯಾಟ್ ಎಂದರೆ ಸುಮಾರು 8.7 ಆಂಪಿಯರ್, 16 ಆಂಪಿಯರಿನ ಪ್ಲಗ್ಗಿಗೆ ಅದು ಹೆಚ್ಚಿನ ಹೊರೆಯೇ ಅಲ್ಲ. ಎರಡು ವಿಷಯ ತಿಳಿಸಿ: ಯಾವ ಪಿನ್ನಿನ ಸುತ್ತ ಕಂದಾಗಿದೆ? ಪ್ಲಗ್ಗಿನೊಳಗೆ ವೈರಿನ ತುದಿಯನ್ನು ಹೇಗೆ ಕೂರಿಸಿದ್ದೀರಿ?

ಹಿತ್ತಲಮನೆ:
ಫೇಸ್ ಪಿನ್ನಿನ ಸುತ್ತ ಮಾತ್ರ. ವೈರಿನ ಎಳೆಗಳು ಚದುರಬಾರದೆಂದು ತುದಿಗೆ ಸೋಲ್ಡರ್ ಹಾಕಿ, ಆಮೇಲೆ ಸ್ಕ್ರೂ ಬಿಗಿದಿದ್ದೇನೆ. ರೇಡಿಯೊ ಕಿಟ್ ಜೋಡಿಸುವ ಹವ್ಯಾಸ ಇರುವುದರಿಂದ ಬೆಸುಗೆಯಲ್ಲಿ ತಪ್ಪಾಗಿರಲಾರದು.

ತಾಮ್ರದೆಳೆ:
ಬೆಸುಗೆ ಚೆನ್ನಾಗಿಯೇ ಇರಬಹುದು, ಆದರೆ ಅದು ಇರಬೇಕಾದ ಜಾಗ ಇದಲ್ಲ. ಸೋಲ್ಡರ್ ಮೆತ್ತನೆಯ ಲೋಹವಾದ್ದರಿಂದ ಸ್ಕ್ರೂವಿನ ಒತ್ತಡಕ್ಕೆ ದಿನಗಳೆದಂತೆ ನಿಧಾನವಾಗಿ ಹರಡಿಕೊಳ್ಳುತ್ತದೆ; ಬಿಸಿಯಾಗಿ ಆರುವ ಜಾಗದಲ್ಲಂತೂ ಇದು ಇನ್ನೂ ಬೇಗ ಆಗಿ, ನೀವು ಬಿಗಿದ ಸ್ಕ್ರೂ ತಾನಾಗಿ ಸಡಿಲವಾಗುತ್ತದೆ. ಸ್ಕ್ರೂ ಟರ್ಮಿನಲ್ಲಿಗೆ ಬರಿಯ ತಾಮ್ರದ ಎಳೆಗಳನ್ನು ಹೊಸೆದು ಕೂರಿಸಿ, ಇಲ್ಲವೇ ಪಿನ್ ಲಗ್ (ವೈರಿನ ತುದಿಗೆ ಹಾಕುವ ಲೋಹದ ಟೊಪ್ಪಿಗೆ) ತೊಡಿಸಿ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ. ಬೋಲ್ಟಿರುವ ಕಡೆ, ಉದಾಹರಣೆಗೆ ಇನ್ವರ್ಟರ್ ಬ್ಯಾಟರಿಗೆ, ರಿಂಗ್ ಲಗ್ ಬೇಕು. ಥರ್ಮೋಸ್ಟಾಟ್‌ಗಳಲ್ಲಿ ಕಾಣುವ 6.3 ಮಿ.ಮೀ. ಚಪ್ಪಟೆ ನಾಲಿಗೆಗೆ ಅದೇ ಅಳತೆಯ ಸ್ನ್ಯಾಪ್-ಆನ್ ಕನೆಕ್ಟರ್ ಕೂರುತ್ತದೆ.

ಆದರೆ ಮುಖ್ಯ ಅಪರಾಧಿ ಗೋಡೆಯಲ್ಲಿದೆ ಎಂದು ನನ್ನ ಅನುಮಾನ. ಫೇಸ್ ಮತ್ತು ನ್ಯೂಟ್ರಲ್ ಪಿನ್ನುಗಳಲ್ಲಿ ಹರಿಯುವುದು ಒಂದೇ ಕರೆಂಟ್. ಲೋಡ್ ಹೆಚ್ಚಾಗಿದ್ದರೆ ಎರಡೂ ಸರಿಸುಮಾರು ಒಂದೇ ರೀತಿ ಬಿಸಿಯಾಗಬೇಕಿತ್ತು. ಒಂದೇ ಕಡೆ ಸುಡುತ್ತಿದೆಯೆಂದರೆ ಆ ಒಂದು ಸಂಪರ್ಕದಲ್ಲಿ ರೋಧ ಹೆಚ್ಚಿದೆ ಎಂದರ್ಥ. ಅಲ್ಲಿ ಬರೀ 0.2 ಓಮ್ ಇದ್ದರೂ 8.7ರ ವರ್ಗಕ್ಕೆ ಗುಣಿಸಿದಾಗ ಸುಮಾರು 15 ವ್ಯಾಟ್ ಶಾಖ ಹುಟ್ಟುತ್ತದೆ, ಅಂದರೆ ಸಣ್ಣದೊಂದು ಸೋಲ್ಡರಿಂಗ್ ಐರನ್ನನ್ನು ಪ್ಲಾಸ್ಟಿಕ್ಕಿನೊಳಗೆ ಉರಿಯಲು ಬಿಟ್ಟಂತೆ. ಎಂಸಿಬಿ ನೋಡುವುದು ತನ್ನ ಮೂಲಕ ಹರಿಯುವ ಕರೆಂಟನ್ನು. ಅದು ಮಿತಿಯೊಳಗೇ ಇರುವಾಗ ಟ್ರಿಪ್ ಆಗಲು ಕಾರಣವೇ ಇಲ್ಲ.

16 ಆಂಪಿಯರ್ ಪ್ಲಗ್ಗಿನ ಫೇಸ್ ಪಿನ್ ಸುಮಾರು 7 ಮಿ.ಮೀ. ದಪ್ಪ ಇರುತ್ತದೆ. ಸಾಕೆಟ್ಟಿನೊಳಗಿನ ಹಿತ್ತಾಳೆ ಕ್ಲಿಪ್ ಅದನ್ನು ಬಿಗಿಯಾಗಿ ಹಿಡಿಯಬೇಕು. ಮೊದಲ ಪ್ಲಗ್ ಸುಟ್ಟಾಗಲೇ ಆ ಕ್ಲಿಪ್ ಕಾದು ತನ್ನ ಬಿಗಿ ಕಳೆದುಕೊಂಡಿರುತ್ತದೆ. ಅದಕ್ಕೆ ಸಿಕ್ಕಿಸಿದ ಹೊಸ ಪ್ಲಗ್ ಕೂಡ ಸುಡಲೇಬೇಕು. ಆದ್ದರಿಂದ ಸಾಕೆಟ್ ಮತ್ತು ಪ್ಲಗ್ ಎರಡನ್ನೂ ಒಟ್ಟಿಗೆ ಬದಲಿಸಿ. ಮೇನ್ ಆಫ್ ಮಾಡಿ, ಟೆಸ್ಟರಿನಿಂದ ಪರೀಕ್ಷಿಸಿಯೇ ಪೆಟ್ಟಿಗೆ ಬಿಚ್ಚಬೇಕು. ಅಭ್ಯಾಸವಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಗೆ ಕೊಡಿ. ಹಿಂದಿನ ವೈರ್ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಬೇಕು.

ಕೆರೆದಂಡೆ:
ತೋಟದ ಪಂಪಿಗೆ ಬಳಸುವ ನೀಲಿ ಬಣ್ಣದ ಕೈಗಾರಿಕಾ ಪ್ಲಗ್ ನನ್ನಲ್ಲಿದೆ. ಅದನ್ನೇ ಇಲ್ಲಿ ಹಾಕಬಾರದೇ?

ತಾಮ್ರದೆಳೆ:
ಮುಚ್ಚಳ ಮತ್ತು ಕೊಂಡಿ ಇರುವ ಆ ಪ್ಲಗ್ ಬಯಲಿಗೆ, ಆಗಾಗ ಕಳಚಿ ಜೋಡಿಸುವ ಯಂತ್ರಕ್ಕೆ ಬಹಳ ಒಳ್ಳೆಯದು. ಅದರ ಕೆಂಪು ಬಣ್ಣದ ಸೋದರ ಮೂರು ಫೇಸಿಗೆ. ಗೋಡೆಗೆ ನೆಟ್ಟ ಗೀಸರನ್ನು ಯಾರೂ ದಿನವೂ ಕಳಚುವುದಿಲ್ಲವಾದ್ದರಿಂದ, ನನ್ನನ್ನು ಕೇಳಿದರೆ, ಪ್ಲಗ್ಗನ್ನೇ ಬಿಟ್ಟು ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ 20 ಆಂಪಿಯರಿನ ಡಬಲ್ ಪೋಲ್ ಸ್ವಿಚ್ಚಿನಿಂದ ನೇರವಾಗಿ ಸಂಪರ್ಕ ಕೊಡಿಸುವುದೇ ಮೇಲು. ಅರ್ತ್ ವೈರ್ ಮಾತ್ರ ತಪ್ಪಬಾರದು.

ಹಿತ್ತಲಮನೆ:
ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ ಬಿಚ್ಚಿಸಿದೆ. ನ್ಯೂಟ್ರಲ್ ಕ್ಲಿಪ್ಪಿನಿಂದ ಪಿನ್ ಎಳೆಯಲು ಬಲ ಬೇಕಾಯಿತು; ಫೇಸ್ ಕ್ಲಿಪ್ಪಿನಿಂದ ತಾನಾಗಿ ಜಾರಿ ಬಿತ್ತು. ಹಿಂದಿನ ವೈರನ್ನು ಎರಡು ಇಂಚು ಕತ್ತರಿಸಿ, ಹೊಸ ಸಾಕೆಟ್ ಹಾಕಿ, ಹೊಸ ಪ್ಲಗ್ಗಿಗೆ ಸೋಲ್ಡರ್ ಇಲ್ಲದೆ ಪಿನ್ ಲಗ್ ಕೊಡಿಸಿದ್ದೇನೆ. ಹತ್ತು ದಿನವಾಯಿತು, ನೀರು ಕಾದ ಕೂಡಲೇ ಸ್ವಿಚ್ ಆಫ್ ಮಾಡಿ ಮುಟ್ಟಿ ನೋಡಿದರೂ ಪ್ಲಗ್ ಬಿಸಿಯೆನಿಸುತ್ತಿಲ್ಲ. ಡಬಲ್ ಪೋಲ್ ಸ್ವಿಚ್ಚನ್ನು ಮುಂದಿನ ತಿಂಗಳು ಹಾಕಿಸುತ್ತೇನೆ.