ಮನೆಯಲ್ಲೇ ಕಟ್ಟಿದ ಸೆವೆನ್ ಕಾರು: ಐವಿಎ ಪರೀಕ್ಷೆಗೆ ಆರು ವಾರ ಇದೆ, ನಿಂತಾಗ ಬಿಸಿ ಏರುತ್ತಿದೆ. ಅನುಭವ ಇದ್ದವರು ಹೇಳಿ

ನಾರ್ಥಾಂಪ್ಟನ್ ಹೊಸಬ

ಎಲ್ಲರಿಗೂ ನಮಸ್ಕಾರ. ಊರು ಚಿತ್ರದುರ್ಗ, ಈಗ ಇರೋದು ಇಂಗ್ಲೆಂಡಿನ ನಾರ್ಥಾಂಪ್ಟನ್‌ನಲ್ಲಿ. ಯಾರೋ ಅರ್ಧ ಕಟ್ಟಿ ಕೈಬಿಟ್ಟಿದ್ದ ಸೆವೆನ್ ಮಾದರಿ (ಹಳೇ ಲೋಟಸ್ ಸೆವೆನ್ ಥರದ ಎರಡು ಸೀಟಿನ ತೆರೆದ ಕಾರು) ಕಿಟ್ ಒಂದನ್ನ ಹೋದ ವರ್ಷ ಕೊಂಡೆ. ಚಾಸಿ ಕಿಟ್ ಕಂಪನಿಯದು. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಶಿಯಲ್ ಎಲ್ಲಾ 1991ರ ಮಜ್ದಾ ಎಂಎಕ್ಸ್-5ರದ್ದು, 1.6 ಲೀಟರ್. ಐವಿಎ, ಅಂದರೆ ಮನೆಯಲ್ಲಿ ಕಟ್ಟಿದ ಕಾರು ರಸ್ತೆಗಿಳಿಯೋ ಮುಂಚೆ ಪಾಸಾಗಬೇಕಾದ ಸರ್ಕಾರಿ ಪರೀಕ್ಷೆ, ಅದಕ್ಕೆ ತಾರೀಖು ಸಿಕ್ಕಿದೆ, ಆರು ವಾರ ಉಳಿದಿದೆ.

ಎರಡು ತೊಂದರೆ. ಓಡುವಾಗ ನೀರಿನ ಬಿಸಿ 88ರ ಹತ್ತಿರ ನಿಲ್ಲುತ್ತೆ. ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಫ್ಯಾನ್ ತಿರುಗುತ್ತಿದ್ದರೂ 105 ದಾಟುತ್ತೆ. ಇನ್ನೊಂದು, ಮಜ್ದಾದ ವಿ5ಸಿ (ನೋಂದಣಿ ಪತ್ರ) ಹಳೇ ಮಾಲೀಕರು ಕಳೆದುಕೊಂಡಿದ್ದಾರೆ. ನನಗೆ ಕ್ಯೂ ಪ್ಲೇಟೇ (ವಯಸ್ಸು, ಮೂಲ ಖಚಿತ ಇಲ್ಲದ ಕಾರಿಗೆ ಕೊಡೋ ನಂಬರ್) ಗತಿನಾ, ಇಲ್ಲಾ ಹಳೇ ಕಾರಿನ ವಯಸ್ಸಿನ ನಂಬರ್ ಸಿಗುತ್ತಾ?

ಕೊವೆಂಟ್ರಿ ಹಾಸನ

ಮೊದಲು ಐವಿಎ ಬಗ್ಗೆ ಹೇಳ್ತೀನಿ, ಬಾಕಿದ್ದು ಆಮೇಲೆ. ನಾನು ಮೊದಲ ಸಲ ಹನ್ನೊಂದು ಪಾಯಿಂಟ್‌ನಲ್ಲಿ ಫೇಲ್ ಆದವನು. ಆ ಹಾಳೆ ಇನ್ನೂ ಗ್ಯಾರೇಜ್ ಗೋಡೆ ಮೇಲಿದೆ.

ಹನ್ನೊಂದರಲ್ಲಿ ಆರು ಬರೀ ಅಂಚಿನ ವಿಷಯ. ಹೊರಗಡೆ 100 ಮಿ.ಮೀ. ಗೋಳ ಮುಟ್ಟುವ ಕಡೆಯೆಲ್ಲ ಅಂಚು ಕನಿಷ್ಠ 2.5 ಮಿ.ಮೀ. ದುಂಡಗಿರಬೇಕು ಅನ್ನೋದು ನನಗೂ ಗೊತ್ತಿತ್ತು. ಆದರೆ ಮುಂದಿನ ಸೈಕಲ್ ವಿಂಗ್‌ನ (ಚಕ್ರದ ಮೇಲಿನ ಮಡ್‌ಗಾರ್ಡ್) ಹಿಡಿಯೋ ಸ್ಟೇ, ಅದರ ಒಳಮಗ್ಗುಲು, ಆ ಗೋಳಕ್ಕೆ ಸಿಗುತ್ತೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ. ಪರೀಕ್ಷಕರು ಮಂಡಿಯೂರಿ ಕೂತು, ಬೆರಳಲ್ಲಿ ಆ ಅಂಚನ್ನ ಎರಡು ಸಲ ಸವರಿ, ಏನೂ ಮಾತಾಡದೆ ಬರ್ಕೊಂಡ್ರು. ನನ್ನ ಎದೆ ಆಗಲೇ ಕುಸೀತು.

ಏಳನೆಯದು ಸ್ಪೀಡೋಮೀಟರ್. ನಿಜವಾದ ವೇಗಕ್ಕಿಂತ ಒಂದು ಮೈಲಿ ಕಮ್ಮಿ ತೋರಿಸಿದರೂ ಫೇಲ್, ಜಾಸ್ತಿ ತೋರಿಸಿದರೆ ಹತ್ತು ಪರ್ಸೆಂಟಿನ ಮೇಲೆ ಇನ್ನೂ 6.25 ಮೈಲಿ ತನಕ ಪರವಾಗಿಲ್ಲ. ನನ್ನದು ರೋಲರ್ ಮೇಲೆ ಎಪ್ಪತ್ತಕ್ಕೆ ಅರವತ್ತೆಂಟು ತೋರಿಸ್ತು.

ಆದರೆ ನನ್ನ ನಿದ್ದೆ ಕೆಡಿಸಿದ್ದು ಸ್ಟಿಯರಿಂಗ್. ಪೂರ್ತಿ ತಿರುಗಿಸಿ, ನಿಧಾನ ಓಡಿಸ್ತಾ ಕೈಬಿಟ್ಟರೆ ಚಕ್ರ ತಾನಾಗಿ ನೇರಕ್ಕೆ ಬರಬೇಕು. ನನ್ನದು ಕೈಬಿಟ್ಟಲ್ಲೇ ನಿಂತುಬಿಡ್ತು. ಕ್ಯಾಸ್ಟರ್, ಅಂದರೆ ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರೋ ಕೋನ, 4 ಡಿಗ್ರಿಗೂ ಕಮ್ಮಿ ಇತ್ತು. ಮೇಲಿನ ವಿಷ್‌ಬೋನ್‌ನ (ಚಕ್ರವನ್ನ ಚಾಸಿಗೆ ಸೇರಿಸೋ ತೋಳು) ವಾಷರ್‌ಗಳ ಜಾಗ ಬದಲಾಯಿಸಿ ಐದೂವರೆಗೆ ತಂದೆ. ಒಂದೊಂದು ವಾಷರ್ ಬದಲಾಯಿಸಿದಾಗಲೂ ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರೋ ಅಳತೆ) ಕೆಡುತ್ತೆ, ಮತ್ತೆ ದಾರ ಕಟ್ಟಿ ಅಳೀಬೇಕು. ನಾಲ್ಕು ಭಾನುವಾರ ಹೋಯ್ತು.

ಖರ್ಚು ಬರ್ಕೊಳ್ಳಿ. ಪರೀಕ್ಷೆಗೆ 450 ಪೌಂಡು, ಮರುಪರೀಕ್ಷೆಗೆ 90. ಟ್ರೈಲರ್ ಬಾಡಿಗೆ 85ರಂತೆ ಎರಡು ಸಲ. ಇ-ಮಾರ್ಕ್ (ಯುರೋಪಿನ ಮಾನ್ಯತೆ ಗುರುತು) ಇರೋ ಕನ್ನಡಿಗೆ 64, ಹೊಸ ಸ್ಪೀಡೋಗೆ 130, ಅಂಚಿಗೆ ಹಾಕೋ ರಬ್ಬರ್ ಟ್ರಿಮ್ಮು ಮತ್ತೆ ನಟ್ ಟೋಪಿಗಳಿಗೇ 140. ಕಟ್ಟುವಾಗ ಒಂದು ಪೆನ್ನಿಯೂ ಇನ್ನೊಬ್ಬರ ಕೈಕೆಲಸಕ್ಕೆ ಕೊಟ್ಟಿಲ್ಲ. ನಟ್ಟು ಬೋಲ್ಟು ಎಲ್ಲಾ ನನ್ನ ಕೈಯದ್ದೇ.

ರೆಡಿಂಗ್ ಧಾರವಾಡ

ನಾ 3,800 ಪೌಂಡ್ ಕೊಟ್ಟು ಒಂದು ವರ್ಕ್‌ಶಾಪ್‌ನಾಗ ಮುಗಿಸಿದಂವ. ಅದನ್ನ ಮುಚ್ಚಿಡೂ ಮಾತೇ ಇಲ್ಲ. ಎರಡು ಚಳಿಗಾಲ ನಾನೇ ಕೂತು ಸಸ್ಪೆನ್ಷನ್, ಬ್ರೇಕ್ ಪೈಪ್, ಎಂಜಿನ್ ಎಲ್ಲಾ ಕೂಡ್ಸಿದ್ದೆ. ಪೈಪಿಗೆ 300 ಮಿ.ಮೀ.ಗೊಂದು ಕ್ಲಿಪ್ ಅಳದು ಅಳದು ಹಾಕೇನಿ. ಆಮ್ಯಾಲೆ ಮನ್ಯಾಗ ಕೂಸು ಬಂತು. ರಾತ್ರಿ ಮೂರು ತಾಸು ನಿದ್ದಿ ಸಿಕ್ಕರ ಭಾಳ ಆತು ಅನ್ನೂ ಹೊತ್ನ್ಯಾಗ ವೈರಿಂಗ್ ಮಾಡಾಕ ಕೂತ್ರ ಏನಾಗ್ತದ? ಅದಕ್ಕ ವೈರಿಂಗಷ್ಟು ಕೊಟ್ಟೆ.

ಐವಿಎ ಒಂದ ಸಲಕ್ಕ ಪಾಸ್. ಮೂರನೇ ವಾರಕ್ಕ ಚಾಲೂ ಆತು ನೋಡ್ರಿ. ರಾತ್ರಿ ಇಂಡಿಕೇಟರ್ ಹಾಕಿದ್ರ ಪೆಟ್ರೋಲ್ ಮುಳ್ಳು ಅದರ ತಾಳಕ್ಕ ಕುಣೀತಿತ್ತು, ಹೆಡ್‌ಲೈಟ್ ಮಂದ ಆಗ್ತಿತ್ತು. ವರ್ಕ್‌ಶಾಪ್‌ನವ್ರಿಗೆ ಹೇಳಿದ್ರ, ಬ್ಯಾಟರಿ ಬದಲಿ ಮಾಡ್ರಿ ಅಂದ್ರು. ಮಾಡ್ದೆ, 95 ಪೌಂಡ್. ಆಲ್ಟರ್ನೇಟರ್ ಅಂದ್ರು. ಮಾಡ್ದೆ, 160. ಕಡೀಕ ನಾನೇ ಮಲ್ಟಿಮೀಟರ್ ಹಿಡಕೊಂಡು ಕೂತೆ. ಒಂದು ಮೊನಿ ಎಂಜಿನ್ ಬ್ಲಾಕಿಗೆ, ಇನ್ನೊಂದು ಚಾಸಿಗೆ, ಹೆಂಡತಿಗೆ ಸ್ಟಾರ್ಟ್ ಹೊಡಿ ಅಂದೆ. 1.8 ವೋಲ್ಟ್! ಅಲ್ಲಿ ಸೊನ್ನಿ ಹತ್ತಿರ ಇರಬೇಕಾಗಿತ್ತು. ಅರ್ಥ್ ಬೋಲ್ಟ್ ಬಿಚ್ಚಿದ್ರ ಕೆಳಗ ಪೌಡರ್ ಕೋಟ್ ಹಂಗೇ ಹೊಳೀತಿತ್ತು, ಒಂದು ಗೀರೂ ಇಲ್ಲ. ಬಣ್ಣದ ಮ್ಯಾಲೇ ಅರ್ಥ್ ಬಿಗದಿದ್ರು. ಮಡಿಕತ್ತಿ ತಗೊಂಡು ಕೆರದು, ಗ್ರೀಸ್ ಹಚ್ಚಿ ಬಿಗಿದೆ. ಐದು ನಿಮಿಷದ ಕೆಲಸ. ಅವತ್ತಿನ ಸಿಟ್ಟು ಇನ್ನೂ ಇಳದಿಲ್ಲ.

ಕೊವೆಂಟ್ರಿ ಹಾಸನ

ರೆಡಿಂಗ್‌ನವರೇ, ಬೇಜಾರು ಮಾಡ್ಕೋಬೇಡಿ. ದುಡ್ಡು ಕೊಟ್ಟು ಮುಗಿಸಿದ ಕಾರನ್ನ ನಾನೇ ಕಟ್ಟಿದ್ದು ಅಂತ ಅರ್ಜಿ ಹಾಕೋದು ಹೇಗೆ ಸರಿ? ಹೊಸಬರು ಕೇಳ್ತಿರೋದು ಕಟ್ಟಿದವರ ಅನುಭವ.

ರೆಡಿಂಗ್ ಧಾರವಾಡ

ಏನ್ರೀ, ವೈರಿಂಗ್ ಒಂದನ್ನ ಕೊಟ್ರ ನಾ ಕಟ್ಟಿದ್ದು ಕಟ್ಟಿದ್ದಲ್ಲೇನು? ಬರೋಬ್ಬರಿ 412 ಫೋಟೋ ಅದಾವ, ರಸೀದಿ ಅದಾವ. ವರ್ಕ್‌ಶಾಪ್ ಬಿಲ್ಲನ್ನೂ ಅದರಾಗ ಇಟ್ಟಿದ್ದೆ, ಏನೂ ಮುಚ್ಚಿಲ್ಲ. ನಿಮ್ಮ ಚಾಸಿ ನೀವೇ ವೆಲ್ಡ್ ಮಾಡೀರೇನು? ಇಲ್ಲಲ್ಲ, ಕಿಟ್ ಕಂಪನಿಯಿಂದ ಬಂದದ್ದು. ಹಂಗಾರ ನೀವೂ ಅರ್ಧಾ ಕಟ್ಟಿದವರೇ.

ಅಬರ್ಡೀನ್ ಪುತ್ತೂರು

ಚಾಸಿ ವೆಲ್ಡಿಂಗ್ ಮಾತು ಬಂತಲ್ಲ, ಅದಕ್ಕೇ ಬರೆಯುದು. ನಾನು ಚಾಸಿಯನ್ನೂ ನಾನೇ ವೆಲ್ಡ್ ಮಾಡಿದ್ದು ಮಾರಾಯ್ರೆ. 25 ಮಿ.ಮೀ. ಚೌಕ ಟ್ಯೂಬು, ಗರಗಸ, ಒಂದು ಮಿಗ್ ವೆಲ್ಡರ್. ಎಂಜಿನು 1987ರ ಫೋರ್ಡ್ ಸಿಯೆರಾದ ಎರಡು ಲೀಟರ್ ಪಿಂಟೋ. ನನಗೆ ಸಿಕ್ಕಿದ್ದು ಕ್ಯೂ ಪ್ಲೇಟು. ಯಾಕೆಂದರೆ ವಯಸ್ಸಿನ ನಂಬರ್ ಕೊಡುದು ಚಾಸಿ ಕಿಟ್ ತಯಾರಕರದ್ದಾಗಿದ್ದು, ಒಂದೇ ಹಳೇ ಕಾರಿನ ಎರಡು ಮುಖ್ಯ ಭಾಗ ಆದರೂ ಇದ್ದರೆ ಮಾತ್ರ. ಕ್ಯೂ ಅಂದರೆ ಮಾರುವಾಗ ಬೆಲೆ ಬೀಳ್ತದೆ ಅಂತ ಎಲ್ಲರೂ ಹೇಳುದು. ನಾನು ಮಾರುದಿಲ್ಲ. ನನ್ನ ಕೈಯ ಕಾರು ಅಂತ ಆ ಅಕ್ಷರವೇ ಹೇಳ್ತದೆ.

ನಾನು ಫೇಲ್ ಆದದ್ದು ಸದ್ದಿನಲ್ಲಿ. ಸೈಲೆನ್ಸರ್ ಬಾಯಿಂದ ಅರ್ಧ ಮೀಟರ್ ದೂರ, 45 ಡಿಗ್ರಿಯಲ್ಲಿ ಮೈಕ್ ಇಟ್ಟು, ಗರಿಷ್ಠ ಪವರ್ ಬರುವ ಆರ್‌ಪಿಎಂನ ಮುಕ್ಕಾಲಿಗೆ ಎಂಜಿನ್ ಹಿಡಿಯಬೇಕು. ಪಿಂಟೋಕ್ಕೆ ಅದು ಸುಮಾರು 3,900. ಮಿತಿ 99 ಡೆಸಿಬೆಲ್, ನನ್ನದು 103. ಮನೆಗೆ ತಂದು ಸೈಲೆನ್ಸರಿನ ರಿವೆಟ್ ಒಡೆದು ನೋಡಿದರೆ ಒಳಗಿನ ಉಣ್ಣೆ ಅರ್ಧ ಸುಟ್ಟು ಹೋಗಿತ್ತು. ಹೊಸತು ತುಂಬಿಸಿ, ಬಾಯಿಗೆ ಒಂದು ಕಿರಿದಾದ ಕೊಳವೆ ಸಿಕ್ಕಿಸಿದೆ. ಎರಡನೇ ಸಲ 97.

ಬಿಸಿ ಏರುದು ನನಗೂ ಇತ್ತು, ನಿಂತಾಗ ಮಾತ್ರ. ಗುಜರಿಯಿಂದ ತಂದ ಫ್ಯಾನು, ತಿರುಗ್ತಾ ಇತ್ತು. ಎರಡು ತಿಂಗಳು ಥರ್ಮೋಸ್ಟಾಟ್, ವಾಟರ್ ಪಂಪು, ರೇಡಿಯೇಟರ್ ಎಂತೆಂತದೆಲ್ಲ ಬದಲಾಯಿಸಿದೆ, 240 ಪೌಂಡ್ ಹೋಯ್ತು. ಮತ್ತೆ ಒಂದು ದಿನ ಮಗಳು ಮೂಗು ಒರೆಸಿದ ಟಿಶ್ಯೂ ರೇಡಿಯೇಟರ್ ಮುಂದೆ ಬಿದ್ದಿತ್ತು. ಫ್ಯಾನ್ ಶುರುವಾದ ಕೂಡಲೇ ಅದು ರೇಡಿಯೇಟರಿಗೆ ಅಂಟಿಕೊಳ್ಳುವ ಬದಲು ಮುಂದಕ್ಕೆ ಹಾರಿ ಹೋಯ್ತು. ವೈರು ಉಲ್ಟಾ! ಗಾಳಿಯನ್ನು ಎಳೆಯುವ ಬದಲು ಮುಂದಕ್ಕೆ ದೂಡ್ತಾ ಇತ್ತು.

ಆ ಟ್ರಿಮ್ಮುಗಳ ವಿಷಯಕ್ಕೆ ಅಷ್ಟು ತಲೆಬಿಸಿ ಬೇಡ. ಪರೀಕ್ಷೆ ದಿನಕ್ಕೆ ಅಂಟಿಸಿದರೆ ಸಾಕು. ನಾನು ಅದೇ ಸಂಜೆ ಎಲ್ಲ ಕಿತ್ತು ತೆಗೆದೆ.

ಕೊವೆಂಟ್ರಿ ಹಾಸನ

ಇದನ್ನ ಓದಿ ಸುಮ್ಮನಿರೋಕೆ ಆಗ್ತಿಲ್ಲ. ಆ ಅಂಚಿನ ನಿಯಮ ಇರೋದು ಪರೀಕ್ಷಕರ ಸಂತೋಷಕ್ಕಲ್ಲ ಕಣ್ರೀ. ಮಗುವಿನ ಮಂಡಿ ನಿಮ್ಮ ವಿಂಗ್ ಸ್ಟೇಗೆ ತಾಗಿದರೆ ಏನಾಗುತ್ತೆ ಯೋಚಿಸಿ. ಅಪಘಾತ ಆದ ದಿನ ವಿಮೆಯವರು ಐವಿಎ ಫೋಟೋ ತೆಗೆದು ಪಕ್ಕದಲ್ಲಿಟ್ಟು ಕೇಳ್ತಾರೆ. ಹೊಸಬರಿಗೆ ಇಂಥ ಬುದ್ಧಿ ಹೇಳಬೇಡಿ.

ಅಬರ್ಡೀನ್ ಪುತ್ತೂರು

ನೀವು ನನಗೆ ಪಾಠ ಹೇಳುದು ಬೇಡ. ಸ್ಟೇಯ ಅಂಚನ್ನು ನಾನು ಫೈಲ್ ಹಾಕಿ ದುಂಡಗೆ ಮಾಡಿದ್ದೇನೆ. ರಬ್ಬರ್ ಬಿಸಿಲಿಗೆ ಒಡೆದು ನೇತಾಡ್ತಾ ಇದ್ದರೆ ಅದು ಅಪಾಯ ಅಲ್ವಾ? ಹನ್ನೊಂದು ಪಾಯಿಂಟಲ್ಲಿ ಫೇಲ್ ಆದವರು ಇನ್ನೊಬ್ಬರ ಕಾರಿನ ಸುರಕ್ಷತೆ ತೂಗುದಾ?

ಬೆಂಗಳೂರು ಜಯನಗರ

ಇಲ್ಲಿ ರಬ್ಬರ್ ಟ್ರಿಮ್‌ಗೆ ಜಗಳ ಆಡ್ತಿರೋರನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ ಸಾರ್. ನಿಮಗೆಲ್ಲ ಫೇಲ್ ಆಗೋಕೆ ಒಂದು ಪರೀಕ್ಷೆ ಆದರೂ ಇದೆ.

ನಾನೂ ಒಂದು ಸೆವೆನ್ ಕಟ್ಟಿದೆ. ಪೀಣ್ಯದಲ್ಲಿ ಟ್ಯೂಬ್ ಕತ್ತರಿಸಿಸಿ ವೆಲ್ಡ್ ಮಾಡಿಸಿದೆ, ಜಿಪ್ಸಿಯ 1.3 ಎಂಜಿನ್ನು, ಜೆ.ಸಿ. ರೋಡಲ್ಲಿ ಅಲೆದು ಅಲೆದು ಹಬ್, ಕ್ಯಾಲಿಪರ್, ಸ್ಟಿಯರಿಂಗ್ ರ‍್ಯಾಕ್ ಹೊಂದಿಸಿದೆ. ಮೂರು ವರ್ಷ, ನಾಲ್ಕೂವರೆ ಲಕ್ಷ. ಆರ್‌ಟಿಒ ಕಚೇರಿಗೆ ಫೈಲ್ ಹಿಡ್ಕೊಂಡು ಹೋದೆ. ನೋಂದಣಿ ಅರ್ಜಿ, ಫಾರಂ 20 ತುಂಬಿದ್ದೆ. ಕೌಂಟರಲ್ಲಿದ್ದವರು ಫಾರಂ 21 ಎಲ್ಲಿ, 22 ಎಲ್ಲಿ ಅಂದರು. 21 ಮಾರಾಟಗಾರರು ಕೊಡಬೇಕು, 22 ತಯಾರಕರು ಕೊಡಬೇಕು. ಮಾರಿದವನೂ ನಾನಲ್ಲ, ಕಂಪನಿಯೂ ನಾನಲ್ಲ. ಕಟ್ಟಿದವನು ಅನ್ನೋದಕ್ಕೆ ಅಲ್ಲಿ ಕಾಲಂ ಇಲ್ಲ. ಇನ್ನು ಕೇಂದ್ರ ಮೋಟಾರು ವಾಹನ ನಿಯಮಾವಳಿಯ 126ನೇ ನಿಯಮದ ಪ್ರಕಾರ ಮಾದರಿ ವಾಹನವನ್ನ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಬೇಕು, ಅದು ಸಾವಿರಾರು ಕಾರು ಮಾಡೋ ಕಂಪನಿಗಳಿಗೆ ಹೊಂದೋ ದಾರಿ. ಒಂದೇ ಒಂದು ಕಾರು ಕಟ್ಟಿದವನು ಏನು ಮಾಡಬೇಕು?

ಈಗ ವರ್ಷಕ್ಕೆ ಎರಡು ಸಲ ಫ್ಲಾಟ್‌ಬೆಡ್ ಲಾರಿ ಮೇಲೆ ಹೇರಿ ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ಒಯ್ತೀನಿ. ಹೋಗಿ ಬರೋಕೆ ಲಾರಿಗೇ 18,000 ರೂಪಾಯಿ. ನಮ್ಮ ಬೀದಿ ಕೊನೆ ಟೀ ಅಂಗಡಿ ತನಕ ಒಂದು ದಿನ ಓಡಿಸಿಕೊಂಡು ಹೋಗೋ ಆಸೆ ಇನ್ನೂ ಇದೆ.

ರೆಡಿಂಗ್ ಧಾರವಾಡ

ಜಿಪ್ಸಿ ಆರ್‌ಸಿ ನಿಮ್ಮ ಹತ್ರ ಇತ್ತಲ್ಲ? ಅದರ ಮ್ಯಾಲೇ ಓಡಸ್ಬಹುದಿತ್ತು. ನಮ್ಮ ಕಡೆ ಭಾಳ ಮಂದಿ ಮಾಡ್ತಾರ.

ಬೆಂಗಳೂರು ಜಯನಗರ

ಭಾಳ ಮಂದಿ ಮಾಡ್ತಾರೆ ಅಂತ ನಾನು ಮಾಡಲ್ಲ ಸಾರ್. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಓದಿ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಮಾರ್ಪಡಿಸೋ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಜಿಪ್ಸಿ ನಂಬರ್ ಹಾಕ್ಕೊಂಡು ಯಾರಿಗಾದರೂ ಗುದ್ದಿದರೆ ಥರ್ಡ್ ಪಾರ್ಟಿ ವಿಮೆ ಯಾವ ಕಾರಿಗೆ? ಮೂರು ವರ್ಷ ಬೆವರು ಸುರಿಸಿದ್ದು ಕಳ್ಳ ನಂಬರಲ್ಲಿ ಓಡಿಸೋಕಲ್ಲ.

ರೆಡಿಂಗ್ ಧಾರವಾಡ

ತಪ್ಪಾತು. ಹಗುರ ಮಾತಾಡಿದೆ, ತಗೊಳ್ರಿ ವಾಪಸ್.

ಕೊವೆಂಟ್ರಿ ಹಾಸನ

ಬಿಸಿ ವಿಷಯ ಆಮೇಲೆ ಅಂದಿದ್ದೆ. ಹೊಸಬರೇ, ಫ್ಯಾನ್ ಒಂದೇ ನೋಡ್ಬೇಡಿ, ಹೆಡರ್ ಟ್ಯಾಂಕ್ (ಎಂಜಿನ್ ತಂಪು ಮಾಡೋ ನೀರು ತುಂಬುವ ಡಬ್ಬಿ) ಎತ್ತರ ನೋಡಿ. ನನ್ನದು ಎಂಜಿನ್ ತಲೆಗಿಂತ 40 ಮಿ.ಮೀ. ಕೆಳಗಿತ್ತು. ಬಾನೆಟ್ ಕೆಳಗೆ ಜಾಗ ಇಲ್ಲ ಅಂತ ಅಲ್ಲಿ ಕೂರಿಸಿದ್ದೆ. ಗಾಳಿ ಮೇಲೆ ಸಿಕ್ಕಿಹಾಕ್ಕೊಂಡು, ಐವಿಎ ಪಾಸಾಗಿ ನಾನೂರು ಮೈಲಿಗೆ ಹೆಡ್ ಗ್ಯಾಸ್ಕೆಟ್ ಹೋಯ್ತು. ಎಂಜಿನ್ ತಲೆ ಸ್ಕಿಮ್ ಮಾಡಿಸಿ (ಕೆರೆದು ಸಮ ಮಾಡಿಸಿ) ಗ್ಯಾಸ್ಕೆಟ್ ಹಾಕೋಕೆ 310 ಪೌಂಡು. ನಂಬರ್ ಬಂದ ಮೇಲೆ ಮೊದಲ ಬೇಸಿಗೆಯೆಲ್ಲ ಕಾರು ಸ್ಟ್ಯಾಂಡ್ ಮೇಲೇ ಕಳೀತು. ನೀರು ತುಂಬುವ ಬಾಯಿ ಇಡೀ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಮೇಲಿರಬೇಕು. ಹೀಟರ್ ಇಲ್ಲ ಅಂದರೆ ಅದರ ಎರಡು ಹೋಸನ್ನ ಮುಚ್ಚಬೇಡಿ, ಒಂದಕ್ಕೊಂದು ಸೇರಿಸಿ.

ನಾರ್ಥಾಂಪ್ಟನ್ ಹೊಸಬ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಟಿಶ್ಯೂ ಹಿಡಿದು ನೋಡಿದೆ. ಮುಂದಕ್ಕೇ ಹಾರಿತು! ಕನೆಕ್ಟರ್‌ನ ಎರಡು ಪಿನ್ ಅದಲುಬದಲು ಮಾಡಿದೆ. ಇಪ್ಪತ್ತು ನಿಮಿಷ ನಿಲ್ಲಿಸಿ ಬಿಟ್ಟೆ, ಮುಳ್ಳು 94 ದಾಟಲಿಲ್ಲ. ಅಬರ್ಡೀನ್‌ನವರ ಮಗಳಿಗೆ ಒಂದು ಚಾಕ್ಲೇಟ್ ಬಾಕಿ ಇದೆ ನನ್ನಿಂದ. ಹೆಡರ್ ಟ್ಯಾಂಕ್ ಅಳೆದೆ, ತಲೆಗಿಂತ 15 ಮಿ.ಮೀ. ಮೇಲಿದೆ.

ಎಂಜಿನ್ 1992ರ ಆಗಸ್ಟಿಗಿಂತ ಹಿಂದಿನದು ಅಂತ ತೋರಿಸೋ ಕಾಗದ ಇದೆ, ಹಾಗಾಗಿ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ 3.5 ಪರ್ಸೆಂಟ್ ತನಕ ಇರಬಹುದು, ಕ್ಯಾಟಲಿಟಿಕ್ ಕನ್ವರ್ಟರ್ ಬೇಕಿಲ್ಲ. ವಿ5ಸಿಗೆ ಹಳೇ ಮಾಲೀಕರನ್ನೇ ಹಿಡಿದಿದ್ದೀನಿ, ಡೂಪ್ಲಿಕೇಟ್‌ಗೆ ಅವರೇ ಅರ್ಜಿ ಹಾಕ್ತಾರಂತೆ. ಸ್ಟಿಯರಿಂಗ್ ಮಾತ್ರ ನನ್ನದೂ ಕೈಬಿಟ್ಟಲ್ಲೇ ನಿಲ್ಲುತ್ತೆ, ಇವತ್ತು ಪಾರ್ಕಿಂಗ್‌ನಲ್ಲಿ ನೋಡಿದೆ.

ಅಬರ್ಡೀನ್ ಪುತ್ತೂರು

ಚಾಕ್ಲೇಟ್ ಬೇಡ, ಪಾಸಾದ ದಿನ ಫೋಟೋ ಹಾಕಿ ಸಾಕು. ಮತ್ತೆ ಕೊವೆಂಟ್ರಿಯವರು ನನ್ನ ಟ್ರಿಮ್ಮಿನ ಪ್ರಶ್ನೆಗೆ ಇನ್ನೂ ಉತ್ತರ ಕೊಡ್ಲಿಲ್ಲ.

ಕೊವೆಂಟ್ರಿ ಹಾಸನ

ಒಡೆದ ರಬ್ಬರ್ ಬದಲಾಯಿಸಬೇಕು, ಕಿತ್ತು ಎಸೆಯೋದಲ್ಲ. ನನ್ನ ಉತ್ತರ ಅದೇ, ನಾಳೆ ಕೇಳಿದರೂ ಅದೇ.

ಹೊಸಬರೇ, ಶನಿವಾರ ಬೆಳಿಗ್ಗೆ ಬಿಡುವಿದ್ದರೆ ನಾನೇ ನಾರ್ಥಾಂಪ್ಟನ್‌ಗೆ ಬರ್ತೀನಿ, ಮುಕ್ಕಾಲು ಗಂಟೆ ದಾರಿ. ಕ್ಯಾಸ್ಟರ್ ಗೇಜು, ದಾರ, ಉಳಿದ ವಾಷರ್‌ಗಳು ಎಲ್ಲಾ ತರ್ತೀನಿ. ಸಮತಟ್ಟಾದ ನೆಲ ಎಲ್ಲಿದೆ ನೋಡಿಟ್ಟಿರಿ, ಟೈರಿನ ಗಾಳಿ ನಾಲ್ಕಕ್ಕೂ ಸರಿ ಮಾಡಿರಿ. ಮೇಲಿನ ವಿಷ್‌ಬೋನ್ ಬೋಲ್ಟ್‌ಗಳಿಗೆ ಇವತ್ತೇ ಎಣ್ಣೆ ಬಿಟ್ಟಿರಿ.