ಊರ ಕಾರಿಗೆ ವೈರ್‌ಲೆಸ್ ಚಾರ್ಜರ್ ಬೇಕಾ? ನಮ್ಮ ಗುಂಪಿನಲ್ಲಿ ನಡೆದ ಚರ್ಚೆ

ನಮ್ಮ ಮನೆಯವರದ್ದು ‘ಊರ ಕಾರು’ ಅಂತ ಒಂದು ವಾಟ್ಸಾಪ್ ಗುಂಪಿದೆ. ಕಾರು ಇರುವುದು ತೀರ್ಥಹಳ್ಳಿ ಹತ್ತಿರದ ಹಳೇ ಮನೆಯಲ್ಲಿ. 2015ರ ಗಾಡಿ. ಇನ್ಶೂರೆನ್ಸು, ಸರ್ವಿಸು ಎಲ್ಲ ಹಂಚಿಕೊಂಡು ಕಟ್ಟುತ್ತೇವೆ, ಊರಿಗೆ ಹೋದವರು ಓಡಿಸುತ್ತೇವೆ. ದೊಡ್ಡಪ್ಪನಿಗೆ ಹೃದಯದ ಬಡಿತ ಸರಿಯಾಗಿಡುವ ಪೇಸ್‌ಮೇಕರ್ ಹಾಕಿದ ಮೇಲೆ ಆರು ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಚೆಕಪ್‌ಗೆ ಹೋಗುವುದೇ ಅದರ ಮುಖ್ಯ ಕೆಲಸ. ಮೊನ್ನೆ ಶನಿವಾರ ರಾತ್ರಿ ಭಾವ ಒಂದು ವಿಡಿಯೊ ಹಾಕಿದರು, ಮಾತು ಬೆಳೆಯಿತು. ಬೇರೆ ಮನೆಗಳಿಗೂ ಉಪಯೋಗ ಆಗಬಹುದು ಅಂತ ಎಲ್ಲರನ್ನೂ ಕೇಳಿ, ಹೆಸರು ತೆಗೆದು ಇಲ್ಲಿ ಹಾಕುತ್ತಿದ್ದೇನೆ. ಪುಟ್ಟ ಅಂದರೆ ಅಣ್ಣನ ಮಗ. ಅವನಿಗೆ ದೊಡ್ಡಪ್ಪ ಅಜ್ಜ, ನಾನು ಚಿಕ್ಕತ್ತೆ.

ಭಾವ: ಇದನ್ನು ನೋಡಿ. ಗೇರ್ ಮುಂದಿನ ಜಾಗದಲ್ಲಿ ವೈರ್‌ಲೆಸ್ ಪ್ಯಾಡ್ ಕೂರಿಸಿ ವೈರೆಲ್ಲ ಒಳಗೆ ಮುಚ್ಚಿದ್ದಾರೆ. ಫೋನ್ ಇಟ್ಟರೆ ಸಾಕು. ನಮ್ಮ ಗಾಡಿಗೂ ಹಾಕಿಸೋಣ. ಶಿವಮೊಗ್ಗದಲ್ಲಿ ನನಗೆ ಗೊತ್ತಿರುವವರು ಮಾಡಿಕೊಡುತ್ತಾರೆ.

ಅಣ್ಣ: ಹಳೇ ಗಾಡಿಗೆ ಇದೆಲ್ಲ ಯಾಕೆ ಭಾವ? ಕೇಬಲ್ ಇದೆಯಲ್ಲ. ಮೊದಲು ಮುಂದಿನ ಟೈರ್ ಎರಡೂ ಬದಲಾಯಿಸಬೇಕು.

ಅತ್ತಿಗೆ: ಟೈರಿಗೆ ಬೇರೆ ದುಡ್ಡು ಎತ್ತಿಟ್ಟಿದ್ದೇವೆ. ಅದನ್ನು ಇದಕ್ಕೆ ಸೇರಿಸಬೇಡಿ.

ನಾನು: ಅಣ್ಣ, ಕೇಬಲ್ ಸಾಕು ಅನ್ನಬೇಡ. ನಾನು ಇಲ್ಲಿ ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತೇನೆ. ಕಳೆದ ಸಲ ಮಣಿಪಾಲದಿಂದ ವಾಪಸ್ ಬರುವಾಗ ಸೋಮೇಶ್ವರ ದಾಟಿ ಘಾಟಿ ಹತ್ತುತ್ತಿದ್ದೆ. ಜೋರು ಮಳೆ. ಫೋನು ಹ್ಯಾಂಡ್‌ಬ್ರೇಕ್ ಪಕ್ಕ ಇತ್ತು, ಕೇಬಲ್ ಗೇರ್ ಮೇಲಿಂದ ಹಾದು ಲೈಟರ್ ಸಾಕೆಟ್‌ಗೆ ಹೋಗಿತ್ತು. ಒಂದು ತಿರುವಿನಲ್ಲಿ ಸೆಕೆಂಡಿನಿಂದ ಫಸ್ಟ್‌ಗೆ ಹಾಕುವಾಗ ಕೇಬಲ್ ಬೆರಳಿಗೆ ಸಿಕ್ಕಿಕೊಂಡಿತು. ಕೈ ಎಳೆದೆ. ಫೋನು ಹಾರಿ ಬ್ರೇಕ್ ಪೆಡಲ್ ಕೆಳಗೆ ಬಿತ್ತು. ಎದುರಿಂದ ಬಸ್ಸು ಇಳಿಯುತ್ತಿತ್ತು. ಹ್ಯಾಂಡ್‌ಬ್ರೇಕ್ ಎಳೆದು ನಿಂತೆ. ಹಿಂದಿನ ಸೀಟಲ್ಲಿ ದೊಡ್ಡಮ್ಮನಿಗೆ ನಿದ್ದೆ. ಆ ಮಳೆಯ ಚಳಿಯಲ್ಲೂ ನನ್ನ ಬೆನ್ನು ಬೆವೆತಿತ್ತು.

ಅಕ್ಕ: ಅಯ್ಯೋ. ಇಷ್ಟು ದಿನ ಒಂದು ಮಾತೂ ಹೇಳಲಿಲ್ಲವಲ್ಲೇ.

ಅಣ್ಣ: ಸರಿ. ಹಾಗಾದರೆ ಏನಾದರೂ ಮಾಡಲೇಬೇಕು. ಆದರೆ ಅದೇ ರಸ್ತೆಗೆ ಮ್ಯಾಪ್ ಯಾಕೆ ಬೇಕು? ಫೋನ್ ಬ್ಯಾಗಲ್ಲಿ ಇಟ್ಟುಬಿಡು.

ನಾನು: ಮ್ಯಾಪಿಗಲ್ಲ. ಘಾಟಿಯಲ್ಲಿ ಸಿಗ್ನಲ್ ಹುಡುಕಿ ಹುಡುಕಿ ಫೋನು ಬೇಗ ಖಾಲಿ ಆಗುತ್ತದೆ. ಹಾರ್ಟ್ ಪೇಷಂಟ್ ಜೊತೆಗಿದ್ದಾಗ ಮೇಲೆ ಬಂದ ತಕ್ಷಣ ಫೋನ್ ಮಾಡುವಷ್ಟು ಚಾರ್ಜ್ ಇರಲೇಬೇಕು. ಚಾರ್ಜರ್ ಬೇಕು ಅನ್ನುವುದರಲ್ಲಿ ನಾನು ಭಾವನ ಕಡೆ. ಆದರೆ ಭಾವ, ನೀವು ಕಳಿಸಿದ ಪ್ಯಾಡ್ ಆಗುವುದಿಲ್ಲ. ಅದು ಸಪಾಟು. ಪ್ಯಾಡ್ ಒಳಗೆ ಒಂದು ತಾಮ್ರದ ಸುರುಳಿ, ಫೋನ್ ಬೆನ್ನಲ್ಲಿ ಇನ್ನೊಂದು. ಎರಡೂ ಎದುರುಬದುರು ಕೂತರೆ ಮಾತ್ರ ಸರಿಯಾಗಿ ಚಾರ್ಜ್ ಆಗುತ್ತದೆ. ಸರಿದರೆ ಫೋನು ಬಿಸಿಯಾಗುವುದೇ ಜಾಸ್ತಿ, ಇನ್ನೂ ಸರಿದರೆ ಚಾರ್ಜೇ ನಿಲ್ಲುತ್ತದೆ. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಅದು ಸರಿ. ಆಗುಂಬೆಯ 14 ತಿರುವಿನಲ್ಲಿ ಫೋನು ಪ್ಯಾಡ್ ಮೇಲೆ ನಿಲ್ಲುತ್ತದಾ?

ಪುಟ್ಟ: ಅತ್ತೆ, ಅದಕ್ಕೇ ಮ್ಯಾಗ್ನೆಟ್ ಇರುವುದನ್ನು ತಗೋಬೇಕು. 2020ರಲ್ಲಿ ಐಫೋನ್ 12 ಜೊತೆ ಮ್ಯಾಗ್ನೆಟ್ಟಿಂದ ಅಂಟಿಕೊಳ್ಳುವ ಮ್ಯಾಗ್‌ಸೇಫ್ ಚಾರ್ಜರ್ ಬಂತಲ್ಲ, 2023ರಲ್ಲಿ ಅದೇ ಉಪಾಯವನ್ನು ಎಲ್ಲ ಕಂಪನಿಗಳಿಗೂ ಆಗುವ ಹಾಗೆ ಕ್ಯೂಐ2 ಅಂತ ಮಾಡಿದರು. ಕ್ಯೂಐ ಅಂತ ಬರೆದಿದ್ದರೂ ಅದನ್ನು ‘ಚೀ’ ಅಂತ ಓದಬೇಕು. ಸುರುಳಿ ಸುತ್ತ ಮ್ಯಾಗ್ನೆಟ್ ಇರುತ್ತದೆ, ಫೋನು ತಾನಾಗಿ ಸರಿಯಾದ ಜಾಗಕ್ಕೆ ಹೋಗಿ ಕಚ್ಚಿಕೊಳ್ಳುತ್ತದೆ. ಎಸಿ ವೆಂಟ್‌ಗೆ ಸಿಕ್ಕಿಸುವ ಹೋಲ್ಡರ್ ಸಿಗುತ್ತದೆ. ಬೇಸಿಗೆಯಲ್ಲಿ ಎಸಿ ಗಾಳಿಗೆ ಫೋನೂ ತಂಪಾಗಿರುತ್ತದೆ.

ನಾನು: ಇದು ಸರಿ. ಫೋನು ಬಿಸಿಯಾದರೆ ತಾನೇ ಚಾರ್ಜ್ ನಿಧಾನ ಮಾಡಿಕೊಳ್ಳುತ್ತದೆ. ಮೇ ತಿಂಗಳಲ್ಲಿ ಹೆಬ್ರಿ, ಉಡುಪಿ ಕಡೆ ಗಾಜಿನ ಹತ್ತಿರ ಬಿಸಿಲಿಗೆ ಇಟ್ಟರೆ ಚಾರ್ಜರ್ ಇದ್ದೂ ಪ್ರಯೋಜನ ಇಲ್ಲ.

ಅಕ್ಕ: ನನ್ನ ಫೋನಿಗೆ ಆಗುತ್ತಾ ಇದು?

ಪುಟ್ಟ: ಇಲ್ಲ ಅತ್ತೆ. ಒಳಗೆ ಸುರುಳಿ ಇದ್ದರೆ ಮಾತ್ರ ಆಗುವುದು. ಅಪ್ಪನ ಐಫೋನ್ 13ಕ್ಕೆ ಆಗುತ್ತದೆ. ಚಿಕ್ಕತ್ತೆಯ ಸ್ಯಾಮ್‌ಸಂಗ್ ಎಸ್23ಯಲ್ಲಿ ಸುರುಳಿ ಇದೆ, ಮ್ಯಾಗ್ನೆಟ್ ಇಲ್ಲ, ಮ್ಯಾಗ್ನೆಟ್ ಇರುವ ಕವರ್ ತಗೋಬೇಕು. ಉಳಿದವರ ಯಾರ ಫೋನಿಗೂ ಇಲ್ಲ.

ಅಣ್ಣ: ಇದನ್ನೇ ನಾನು ಹೇಳುತ್ತಿರುವುದು. ಇಷ್ಟು ಜನರಲ್ಲಿ ಇಬ್ಬರಿಗೆ.

ನಾನು: ಆ ಇಬ್ಬರೇ ಅಲ್ವಾ ಘಾಟಿಯಲ್ಲಿ ಓಡಿಸುವವರು? ದುಡ್ಡು ನಾವಿಬ್ಬರೇ ಹಾಕೋಣ. ಉಳಿದವರಿಗೆ ಸೀಟಿನ ಹಿಂದಕ್ಕೆ ಹೋಗುವ ಒಂದು ಉದ್ದ ಕೇಬಲ್ ಬೇರೆ ಇಡೋಣ.

ಅಕ್ಕ: ವೈರ್‌ಲೆಸ್ ಅಂತೀರಿ, ಆ ಹೋಲ್ಡರಿಗೆ ಕರೆಂಟು ಎಲ್ಲಿಂದ?

ಭಾವ: ಅದಕ್ಕೂ ಒಂದು ವೈರು ಬೇಕೇ ಬೇಕು. ಸ್ಟೀರಿಯೊ ಹಿಂದಿನ ವೈರಿಗೆ ಜಾಯಿಂಟ್ ಕೊಟ್ಟರೆ ಹೊರಗೆ ಏನೂ ಕಾಣುವುದಿಲ್ಲ. ಅಚ್ಚುಕಟ್ಟಾಗಿರುತ್ತದೆ.

ಅಣ್ಣ: ವೈರ್ ಕತ್ತರಿಸುವುದು ಬೇಡ ಭಾವ. ಕೀ ತೆಗೆದರೂ ಕರೆಂಟ್ ಇರುವ ವೈರಿಗೆ ಕೊಟ್ಟರೆ ಏನಾಗುತ್ತದೆ? ನಮ್ಮ ಗಾಡಿ ಎಷ್ಟೋ ಸಲ ಹತ್ತು ಹನ್ನೆರಡು ದಿನ ಶೆಡ್ಡಲ್ಲೇ ನಿಂತಿರುತ್ತದೆ. ಹೋದ ಮಳೆಗಾಲದಲ್ಲಿ ಬ್ಯಾಟರಿ ಡೌನ್ ಆಗಿ ಅಂಗಳದ ಕೆಸರಲ್ಲಿ ತಳ್ಳಿದ್ದು ನಾನು ಮತ್ತು ಪುಟ್ಟ.

ಭಾವ: ಕೀ ಹಾಕಿದಾಗ ಮಾತ್ರ ಬರುವ ಫ್ಯೂಸಿಂದ ತೆಗೆಯಬಹುದು. ವೈರ್ ಕತ್ತರಿಸದೆ, ಫ್ಯೂಸ್ ಜಾಗದಲ್ಲೇ ಸಿಕ್ಕಿಸಿ ಕರೆಂಟ್ ತೆಗೆಯುವ ಫ್ಯೂಸ್ ಟ್ಯಾಪ್ ಹಾಕುವವರು ಇದ್ದಾರೆ.

ನಾನು: ಒಪ್ಪುತ್ತೇನೆ ಭಾವ, ಗೊತ್ತಿರುವವರು ಮಾಡಿದರೆ ಅದೂ ಸರಿ. ಆದರೆ ಲೈಟರ್ ಸಾಕೆಟ್ ಇರುವುದು ವೆಂಟಿನ ನೇರ ಕೆಳಗೆ. ಅಲ್ಲಿಂದ ಮೇಲಕ್ಕೆ ಒಂದು ಗೇಣು ವೈರು ಸಾಕು, ಗೇರ್ ಹತ್ತಿರವೂ ಬರುವುದಿಲ್ಲ. ಕೀ ತೆಗೆದ ಮೇಲೆ ಹೋಲ್ಡರಿನ ದೀಪ ಆರುತ್ತದಾ ಅಂತ ಮೊದಲ ದಿನ ನೋಡಿದರೆ ಮುಗಿಯಿತು. ಆರದಿದ್ದರೆ ಕಿತ್ತಿಟ್ಟು ಹೋಗುವುದು. ಇನ್ನೊಂದು, ಸ್ಟೀರಿಯೊದ ಯುಎಸ್‌ಬಿಗೆ ಮಾತ್ರ ಸಿಕ್ಕಿಸಬೇಡಿ. ಹಳೇ ಗಾಡಿಗಳಲ್ಲಿ ಅದು ಕೊಡುವುದು 5 ವೋಲ್ಟ್, ಅರ್ಧ ಆಂಪಿಯರೋ ಒಂದು ಆಂಪಿಯರೋ. ಅಂದರೆ ಎರಡೂವರೆಯಿಂದ 5 ವ್ಯಾಟ್. ಅದರಲ್ಲೂ ಒಂದು ಪಾಲು ಸುರುಳಿಯಿಂದ ಸುರುಳಿಗೆ ದಾಟುವಾಗ ಶಾಖವಾಗಿ ಹೋಗುತ್ತದೆ. ಫೋನಿಗೆ 15 ವ್ಯಾಟ್ ಸಿಗಬೇಕಾದರೆ ಸಾಕೆಟ್‌ಗೆ 20 ವ್ಯಾಟಿನ ಪಿಡಿ, ಅಂದರೆ ಬೇಗ ಚಾರ್ಜ್ ಮಾಡುವ ‘ಪವರ್ ಡೆಲಿವರಿ’ ಅಡಾಪ್ಟರ್ ಬೇಕು. ಸುಮ್ನೆ ಅಗ್ಗದ ಅಡಾಪ್ಟರ್ ಹಾಕಿ ಆಮೇಲೆ ಚಾರ್ಜ್ ಏರುವುದಿಲ್ಲ ಅನ್ನುವುದು ಬೇಡ.

ಪುಟ್ಟ: ಹಾಗೇ ಎಲ್ಲರ ಕವರಿಗೂ ಒಂದೊಂದು ಮ್ಯಾಗ್ನೆಟ್ ರಿಂಗ್ ಅಂಟಿಸೋಣ. ಚಾರ್ಜ್ ಆಗದಿದ್ದರೂ ಯಾರು ಮುಂದೆ ಕೂತರೂ ಫೋನ್ ಹೋಲ್ಡರಲ್ಲಿ ನಿಲ್ಲುತ್ತದೆ. ಅಜ್ಜನ ಫೋನಿಗೂ ನಾನೇ ಅಂಟಿಸುತ್ತೇನೆ.

ನಾನು: ಅಜ್ಜನ ಫೋನಿಗೆ ಬೇಡ ಪುಟ್ಟ. ಯಾವ ಕಾರಣಕ್ಕೂ ಬೇಡ.

ಭಾವ: ಅದಕ್ಕೇನಮ್ಮ? ಫ್ರಿಜ್ ಬಾಗಿಲಲ್ಲೂ ಮ್ಯಾಗ್ನೆಟ್ ಇದೆ. ಎಲ್ಲದಕ್ಕೂ ಹೆದರಿದರೆ ಹೇಗೆ?

ನಾನು: ಫ್ರಿಜ್ಜನ್ನು ದೊಡ್ಡಪ್ಪ ಜೇಬಲ್ಲಿ ಇಟ್ಟುಕೊಳ್ಳುವುದಿಲ್ಲ ಭಾವ. ಅವರ ಪೇಸ್‌ಮೇಕರ್ ಇರುವುದು ಎಡಗಡೆ, ಕಾಲರ್‌ಬೋನ್ ಕೆಳಗೆ. ಫೋನು ಇಡುವುದು ಎಡಗಡೆ ಅಂಗಿ ಜೇಬಲ್ಲಿ. ಚೆಕಪ್‌ಗೆ ಹೋದಾಗ ನಾನು ಒಳಗೇ ಇದ್ದೆ. ಅಲ್ಲಿ ಬೇಕಂತಲೇ ಒಂದು ದಪ್ಪ ಬಳೆಯಂಥ ಮ್ಯಾಗ್ನೆಟ್ಟನ್ನು ಅವರ ಎದೆ ಮೇಲೆ ಇಟ್ಟು ನೋಡಿದರು. ಹತ್ತಿರ ಮ್ಯಾಗ್ನೆಟ್ ಬಂದರೆ ಪೇಸ್‌ಮೇಕರ್ ಹೃದಯದ ಸ್ವಂತ ಬಡಿತ ನೋಡುವುದನ್ನು ಬಿಟ್ಟು ಒಂದೇ ಲೆಕ್ಕದಲ್ಲಿ ಬಡಿಯುವ ಹಾಗೆ ಮಾಡುತ್ತದೆ. ತೆಗೆದರೆ ಮೊದಲಿನಂತೆ ಆಗುತ್ತದೆ. ಅದನ್ನು ಡಾಕ್ಟರು ಎದುರಿಗಿದ್ದು ಎರಡು ನಿಮಿಷ ಮಾಡುವುದು ಬೇರೆ. ದಿನವಿಡೀ ಜೇಬಲ್ಲಿ ಇಟ್ಟುಕೊಂಡು ತೋಟ ಸುತ್ತುವುದು ಬೇರೆ. ಪುಟ್ಟ ಹೇಳುವ ರಿಂಗು ಚಿಕ್ಕದಿರಬಹುದು, ಆದರೆ ಆಕಾರ ಅದೇ, ಕೂರುವ ಜಾಗವೂ ಅದೇ.

ಪುಟ್ಟ: ನನಗೆ ಇದು ಹೊಳೆಯಲೇ ಇಲ್ಲ ಅತ್ತೆ. ಈಗ ಹುಡುಕಿ ಓದಿದೆ. ಆಪಲ್‌ನವರೇ ಬರೆದಿದ್ದಾರೆ: ಇಂಥ ಸಾಧನ ಹಾಕಿಸಿಕೊಂಡವರಿಂದ ಐಫೋನ್ 15 ಸೆಂಟಿಮೀಟರಿಗಿಂತ ದೂರ ಇರಬೇಕು, ವೈರ್‌ಲೆಸ್ ಚಾರ್ಜ್ ಆಗುತ್ತಿದ್ದರೆ 30 ಸೆಂಟಿಮೀಟರಿಗಿಂತ ದೂರ. ಔಷಧ, ವೈದ್ಯಕೀಯ ಸಾಧನಗಳನ್ನು ನೋಡಿಕೊಳ್ಳುವ ಅಮೆರಿಕ ಸರ್ಕಾರದ ಎಫ್‌ಡಿಎ ಕೂಡ 2021ರಲ್ಲಿ ಮ್ಯಾಗ್ನೆಟ್ ಇರುವ ಫೋನು, ವಾಚುಗಳಿಗೆ ಆರು ಇಂಚು ದೂರ ಅಂತ ಹೇಳಿದೆ.

ಅತ್ತಿಗೆ: ಹಾಗಾದರೆ ಮಾವ ಮುಂದಿನ ಸೀಟಲ್ಲಿ ಕೂರಬಹುದಾ? ಅವರಿಗೆ ಹಿಂದೆ ಕೂತರೆ ಘಾಟಿಯಲ್ಲಿ ವಾಂತಿ ಬರುತ್ತದೆ.

ಭಾವ: ನಾನು ಇಷ್ಟು ಯೋಚಿಸಿರಲಿಲ್ಲ. ಮೊದಲು ಅಳೆದು ನೋಡಿ.

ದೊಡ್ಡಪ್ಪ: ಎಲ್ಲ ಓದಿದೆ. ಪಂಚೆಗೆ ಜೇಬಿಲ್ಲ, ಅದಕ್ಕೇ ಅಂಗಿ ಜೇಬು. ಎಡಗಡೆ ಬೇಡ ಅಂತ ಡಾಕ್ಟರೂ ಹೇಳಿದ್ದರು, ನಾನೇ ಕೇಳಲಿಲ್ಲ. ಚಾರ್ಜರ್ ಹಾಕಿಸಿ. ಆವತ್ತು ಫೋನು ಅವಳ ಕಾಲ ಬುಡಕ್ಕೆ ಬಿದ್ದದ್ದನ್ನು ನಾನೂ ನೋಡಿದ್ದೆ. ಗಾಬರಿ ಆದಾಳು ಅಂತ ಮಾತಾಡದೆ ಕೂತಿದ್ದೆ.

ಇದಾದ ಮೇಲೆ ಆ ರಾತ್ರಿ ಯಾರೂ ಏನೂ ಬರೆಯಲಿಲ್ಲ. ಬೆಳಿಗ್ಗೆ ಪುಟ್ಟ ಒಂದು ಫೋಟೊ ಹಾಕಿದ. ಅವನು ರಜೆಗೆ ಊರಲ್ಲೇ ಇದ್ದ. ದೊಡ್ಡಪ್ಪ ಮುಂದಿನ ಸೀಟಲ್ಲಿ ಬೆಲ್ಟ್ ಹಾಕಿಕೊಂಡು ನೆಟ್ಟಗೆ ಕೂತಿದ್ದಾರೆ. ಎದೆಯಿಂದ ನಡುವಿನ ವೆಂಟಿನ ತನಕ ಬಡಗಿಯ ಟೇಪು.

ಪುಟ್ಟ: ಎರಡು ಅಡಿ ಮೂರು ಇಂಚು. ಸೀಟು ಪೂರ್ತಿ ಮುಂದೆ ಎಳೆದರೂ ಎರಡು ಅಡಿಗೆ ಸ್ವಲ್ಪ ಕಡಿಮೆ ಅಷ್ಟೇ.

ನಾನು: ಸಾಕು. ಆದರೆ ದೊಡ್ಡಪ್ಪ, ಹೋಲ್ಡರಲ್ಲಿರುವ ಫೋನನ್ನು ಬಗ್ಗಿ ತೆಗೆಯಲು ಹೋಗಬೇಡಿ. ನಾವೇ ತೆಗೆಯುತ್ತೇವೆ. ಮುಂದಿನ ಚೆಕಪ್‌ನಲ್ಲಿ ಡಾಕ್ಟರಿಗೂ ಇದನ್ನು ಕೇಳಿಬಿಡೋಣ.

ಅಣ್ಣ: ಹೋಲ್ಡರ್, ಅಡಾಪ್ಟರ್ ಎರಡೂ ಆರ್ಡರ್ ಮಾಡಿದೆ. ಭಾವ, ಟೈರ್ ಹಾಕಿಸುವ ದಿನ ನೀವೂ ಬನ್ನಿ, ಫ್ಯೂಸ್ ಒಮ್ಮೆ ನೋಡಿಸಿಬಿಡೋಣ.

ದೊಡ್ಡಮ್ಮ: ಹಳೇ ರವಿಕೆ ಬಟ್ಟೆಯಲ್ಲಿ ಇವರ ಫೋನಿಗೆ ಒಂದು ಚೀಲ ಹೊಲಿದಿದ್ದೇನೆ. ಉದ್ದ ದಾರ ಇಟ್ಟಿದ್ದೇನೆ, ಬಲಗಡೆ ಸೊಂಟದ ಹತ್ತಿರ ಬರುತ್ತದೆ. ಇವತ್ತು ತೋಟಕ್ಕೆ ಅದರಲ್ಲೇ ಹಾಕಿಕೊಂಡು ಹೋದರು.