ಸಹಾಯ ಬೇಕು: ಅಪ್ಪ ಅಮ್ಮನೊಂದಿಗೆ ಲಾಸ್ ವೇಗಾಸ್

ನಮಸ್ಕಾರ. ಮೈಸೂರಿನಿಂದ ಬಂದಿರುವ ಅಪ್ಪ ಅಮ್ಮ ಮತ್ತು 16 ವರ್ಷದ ಮಗಳೊಂದಿಗೆ ಜುಲೈಯಲ್ಲಿ ಲಾಸ್ ವೇಗಾಸ್‌ಗೆ ಹೊರಟಿದ್ದೇವೆ. ಜೂಜು ಬೇಡ, ಅಪ್ಪನಿಗೆ ಯುಗಾದಿಯ ಇಸ್ಪೀಟೇ ಸಾಕು. ಬೃಂದಾವನ ಕಂಡ ಅಮ್ಮನಿಗೆ ಬೆಲಾಜಿಯೊ ಹೋಟೆಲಿನ ಮುಂದಿನ ಕಾರಂಜಿ, ಕನ್ನಂಬಾಡಿ ಕಂಡ ಅಪ್ಪನಿಗೆ ಹೂವರ್ ಅಣೆಕಟ್ಟು ನೋಡುವ ಆಸೆ.

21 ತುಂಬದವರು ಕ್ಯಾಸಿನೊ ಅಂಗಳದಲ್ಲಿ ನಿಲ್ಲುವಂತಿಲ್ಲ. ಆದರೆ ಅನೇಕ ಹೋಟೆಲುಗಳಲ್ಲಿ ಲಿಫ್ಟಿಗೆ ದಾರಿಯೇ ಅದರ ನಡುವೆ! ಮಗಳು ನಮ್ಮೊಂದಿಗೆ ಹಾದುಹೋದರೆ ತಡೆಯುತ್ತಾರೆಯೇ? ಸ್ಟ್ರಿಪ್‌ಗೆ (ದೊಡ್ಡ ಹೋಟೆಲುಗಳ ಸಾಲಿರುವ ಮುಖ್ಯ ರಸ್ತೆ) ಹತ್ತಿರ, ಕ್ಯಾಸಿನೊ ಇಲ್ಲದ, ಅಡುಗೆಮನೆ ಇರುವ ಹೋಟೆಲ್ ಯಾವುದು? ಬಾಡಿಗೆಯ ಮೇಲೆ ದಿನವೂ ಬೀಳುವ ರೆಸಾರ್ಟ್ ಶುಲ್ಕ ಇಲ್ಲದಿದ್ದರೆ ಇನ್ನೂ ಒಳ್ಳೆಯದು.

ಬಿಸಿಲು 40 ಡಿಗ್ರಿ ದಾಟುತ್ತದೆ, ಅಮ್ಮನಿಗೆ ಮಂಡಿನೋವು. ಮಾನೊರೈಲಿನಿಂದ ಇಳಿದು ಕಾರಂಜಿಯವರೆಗೆ ಎಷ್ಟು ನಡೆಯಬೇಕು? ಹಿರಿಯರೊಂದಿಗೆ ಹೋಗಿಬಂದವರು ದಯವಿಟ್ಟು ತಿಳಿಸಿ.